ದೋಣಿಯಲ್ಲಿ ಮಾತ್ರ ತಲುಪಬಹುದಾದ ಸೇಂಟ್ ಮೇರೀಸ್ ದ್ವೀಪ: ಬಯಲುಸೀಮೆಯವರಿಗೆ ಹಂತ ಹಂತದ ಮಾರ್ಗದರ್ಶಿ

ದಸರಾ ರಜೆ ಹತ್ತಿರವಾಗುತ್ತಿದ್ದಂತೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಓದುಗರಿಂದ ಪ್ರತಿ ವರ್ಷವೂ ಅವೇ ಪ್ರಶ್ನೆಗಳು ಬರುತ್ತವೆ. ಉಡುಪಿಯ ಬಳಿ ಸಮುದ್ರದೊಳಗಿರುವ ಸೇಂಟ್ ಮೇರೀಸ್ ದ್ವೀಪಕ್ಕೆ ಯಾವ ತಿಂಗಳಲ್ಲಿ ಹೋಗಬೇಕು, ದೋಣಿ ಪ್ರತಿದಿನ ಸಿಗುತ್ತದೆಯೇ, ರಾತ್ರಿ ಅಲ್ಲಿ ತಂಗಬಹುದೇ, ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯಬಹುದೇ, ಮಕ್ಕಳನ್ನು ನೀರಿಗೆ ಬಿಡಬಹುದೇ ಎಂದು ಕೇಳುತ್ತಾರೆ. ಇವೆಲ್ಲಕ್ಕೂ ಒಂದೆಡೆ ಉತ್ತರ ಸಿಗಲಿ ಎಂದು ಈ ಲೇಖನವನ್ನು ಬರೆದಿದ್ದೇನೆ. ತುಮಕೂರಿನಿಂದ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರೂ ಉಳಿದ ಎರಡು ಜಿಲ್ಲೆಗಳವರಿಗೆ ಬೇಕಾದ ಮಾತನ್ನು ಅಲ್ಲಲ್ಲಿ ಸೇರಿಸಿದ್ದೇನೆ.

ಮೊದಲಿಗೆ, ನಮ್ಮ ಕಡೆಯವರು ಸಾಮಾನ್ಯವಾಗಿ ಮಾಡುವ ತಪ್ಪನ್ನು ಹೇಳಬೇಕು. ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿ, ಹೊರನಾಡು, ಉಡುಪಿ ಎಲ್ಲವನ್ನೂ ಮೂರು ದಿನಗಳ ಪಟ್ಟಿಯಲ್ಲಿ ತುಂಬಿ, ಕೊನೆಯ ದಿನ ಮಧ್ಯಾಹ್ನ ಉಳಿಯುವ ಎರಡು ಗಂಟೆಗೆ ದ್ವೀಪವನ್ನು ತೂರಿಸುತ್ತೇವೆ. ದೇವಸ್ಥಾನದ ಬಾಗಿಲು ತೆರೆಯುವ ವೇಳೆ ಗೊತ್ತಿರುತ್ತದೆ, ಕಡಲಿಗೆ ಅಂತಹ ವೇಳೆ ಇಲ್ಲ. ಗಾಳಿ ಎದ್ದರೆ ದೋಣಿ ನಿಲ್ಲುತ್ತದೆ, ಜನ ತುಂಬದಿದ್ದರೆ ದೋಣಿ ಕಾಯುತ್ತದೆ. ನಮ್ಮ ಮನೆಯವರು ಮೊದಲ ಬಾರಿ ಹೋದಾಗ ಹೀಗೆಯೇ ಕೊನೆಯ ಮಧ್ಯಾಹ್ನ ಮಲ್ಪೆಗೆ ಬಂದು, ದೋಣಿಗಳನ್ನೆಲ್ಲ ಕಟ್ಟಿಹಾಕಿದ್ದನ್ನು ನೋಡಿ ದಡದಿಂದಲೇ ಹಿಂದಿರುಗಬೇಕಾಯಿತು. ಆದ್ದರಿಂದ ದ್ವೀಪದ ದಿನವನ್ನು ಮೊದಲು ಗೊತ್ತುಮಾಡಿ, ಉಳಿದ ಸ್ಥಳಗಳನ್ನು ಅದರ ಸುತ್ತ ಜೋಡಿಸಿಕೊಳ್ಳಿ. ಮುಂದಿನ ಎಲ್ಲ ಹಂತಗಳೂ ಇದೇ ಲೆಕ್ಕದ ಮೇಲೆ ನಿಂತಿವೆ.

ದ್ವೀಪದ ಸ್ಥೂಲ ಪರಿಚಯ

ಉಡುಪಿಯಿಂದ ಸುಮಾರು 6 ಕಿ.ಮೀ. ದೂರದಲ್ಲಿ ಮಲ್ಪೆ ಮೀನುಗಾರಿಕಾ ಬಂದರು ಇದೆ. ಅಲ್ಲಿಂದ ಮತ್ತೆ ಸುಮಾರು 6 ಕಿ.ಮೀ. ಕಡಲೊಳಗೆ ಉತ್ತರ ದಕ್ಷಿಣವಾಗಿ ಚಾಚಿಕೊಂಡಿರುವ ನಾಲ್ಕು ಮುಖ್ಯ ದ್ವೀಪಗಳ ಗುಂಪಿಗೆ ಸೇಂಟ್ ಮೇರೀಸ್ ದ್ವೀಪಗಳು ಎಂದು ಹೆಸರು. ಪ್ರವಾಸಿಗರು ಇಳಿಯುವುದು ತೆಂಗಿನ ಮರಗಳಿರುವ ಕೋಕೊನಟ್ ದ್ವೀಪದಲ್ಲಿ. ಸ್ಥಳೀಯರು ಇದನ್ನು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ಉದ್ದ ಸುಮಾರು 500 ಮೀಟರ್, ಅಗಲ ಸುಮಾರು 100 ಮೀಟರ್, ಎಂದರೆ ನಿಧಾನವಾಗಿ ನಡೆದರೂ ಅರ್ಧ ಗಂಟೆಯಲ್ಲಿ ಸುತ್ತಿಬರಬಹುದಾದಷ್ಟು ನೆಲ. ಅತಿ ಎತ್ತರದ ಜಾಗವೂ ನೀರಿನ ಮಟ್ಟದಿಂದ ಸುಮಾರು 10 ಮೀಟರ್ ಮಾತ್ರ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟನೆಂಬ ಪ್ರತೀತಿ ಇದೆ.

ದ್ವೀಪದಲ್ಲಿ ಊರಿಲ್ಲ, ವಸತಿಗೃಹವಿಲ್ಲ, ರಾತ್ರಿ ತಂಗಲು ಅವಕಾಶವಿಲ್ಲ. ಬೆಳಗ್ಗೆ ಹೋಗಿ ಹಗಲಿನಲ್ಲೇ ಮರಳಬೇಕು. ಸೇತುವೆಯಾಗಲಿ ಬೇರೆ ದಾರಿಯಾಗಲಿ ಇಲ್ಲದಿರುವುದರಿಂದ ಮರಳುವುದಕ್ಕೂ ದೋಣಿಯೇ ಗತಿ.

ಹಂತ 1: ತಿಂಗಳನ್ನು, ಆಮೇಲೆ ದಿನವನ್ನು ಆರಿಸುವುದು

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಸಾಮಾನ್ಯವಾಗಿ ಮೇ ಮಧ್ಯಭಾಗದಿಂದ ಸೆಪ್ಟೆಂಬರ್ ಮಧ್ಯಭಾಗದವರೆಗೆ ಸಂಚಾರ ನಿಂತಿರುತ್ತದೆ. ಕಡಲು ತಣಿಯದಿದ್ದರೆ ಆರಂಭ ಇನ್ನಷ್ಟು ತಡವಾಗುವುದೂ ಉಂಟು. ಆದಕಾರಣ ಶಾಲೆಗಳ ಬೇಸಿಗೆ ರಜೆಯ ಕೊನೆಯ ವಾರಗಳನ್ನು ನಂಬಿಕೊಂಡು ಯೋಜನೆ ಹಾಕಬೇಡಿ. ಆ ವೇಳೆಗೆ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ, ಅಂದರೆ ಗಾಳಿಯ ಒತ್ತಡ ತಗ್ಗಿ ಚಂಡಮಾರುತಕ್ಕೆ ನಾಂದಿಯಾಗುವ ಸ್ಥಿತಿ, ಉಂಟಾಗುವ ಸಂಭವ ಹೆಚ್ಚು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಉಡುಪಿಯ ಕರಾವಳಿಯನ್ನೂ ಜರ್ಜರಿತಗೊಳಿಸಿತ್ತು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿಯೂ ಇಂತಹ ಕುಸಿತಗಳು ಬರುತ್ತವೆಯಾದ್ದರಿಂದ ದಸರಾ ರಜೆಗೆ ಹೋಗುವವರು ಹವಾಮಾನ ವರದಿಯನ್ನು ನೋಡದೆ ಮನೆ ಬಿಡಬಾರದು.

ನನ್ನ ಅಭಿಪ್ರಾಯದಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯೇ ಉತ್ತಮ. ಕಡಲು ಶಾಂತವಾಗಿರುತ್ತದೆ, ಬಿಸಿಲು ತಡೆಯುವಂತಿರುತ್ತದೆ. ಮಾರ್ಚ್ ನಂತರ ದ್ವೀಪದ ಕಪ್ಪು ಕಲ್ಲುಗಳು ಹನ್ನೊಂದು ಗಂಟೆಗೇ ಕಾಯತೊಡಗುತ್ತವೆ. ಡಿಸೆಂಬರ್ ಕೊನೆಯ ವಾರ, ಸಂಕ್ರಾಂತಿ ಮತ್ತು ಸಾಲು ರಜೆಗಳಲ್ಲಿ ಮಾತ್ರ ಜನಸಂದಣಿ ವಿಪರೀತ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯ ನಡೆಯುತ್ತದೆ. ಶ್ರೀಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹಸ್ತಾಂತರವಾಗುವ ಆ ಉತ್ಸವದ ಆಸುಪಾಸಿನಲ್ಲಿ ಕೊಠಡಿಗಳು ಸಿಗುವುದೇ ಕಷ್ಟ. ವಾರದ ನಡುವಿನ ಮಂಗಳವಾರ ಅಥವಾ ಬುಧವಾರವನ್ನು ಆರಿಸಿಕೊಂಡರೆ ಬಹಳ ನೆಮ್ಮದಿ.

ದಿನವನ್ನು ಆರಿಸುವಾಗ ಪಂಚಾಂಗವನ್ನೂ ನೋಡಿ ಎನ್ನುತ್ತೇನೆ. ಇದು ಶಾಸ್ತ್ರಕ್ಕಾಗಿ ಹೇಳುತ್ತಿರುವ ಮಾತಲ್ಲ. ಕಡಲಿನ ನೀರು ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಏರುವುದನ್ನು ಉಬ್ಬರ ಅಥವಾ ಭರತ ಎಂದೂ, ತಗ್ಗುವುದನ್ನು ಇಳಿತ ಎಂದೂ ಕರೆಯುತ್ತಾರೆ. ಏರಿಕೆಗೂ ಇಳಿಕೆಗೂ ನಡುವೆ ಆರು ಗಂಟೆಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ, ಮತ್ತು ಈ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳಂದು ಏರಿಳಿತದ ಅಂತರ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಮಕ್ಕಳು, ವೃದ್ಧರು ಜೊತೆಗಿದ್ದರೆ ಅಷ್ಟಮಿಯ ಹತ್ತಿರದ ದಿನವನ್ನು ಆರಿಸುವುದು ಜಾಣತನ.

ಹೀಗೆ ಒಂದು ದಿನವನ್ನು ಗೊತ್ತುಮಾಡಿದ ಮೇಲೆ ಅದರ ಮರುದಿನವನ್ನೂ ಖಾಲಿ ಇಟ್ಟುಕೊಳ್ಳಿ. ಮೊದಲ ದಿನ ದೋಣಿ ಹೊರಡದಿದ್ದರೆ ಮರುದಿನ ಬೆಳಗ್ಗೆ ಇನ್ನೊಮ್ಮೆ ಯತ್ನಿಸಬಹುದು. ಇಷ್ಟು ದೂರದಿಂದ ಹೋಗುವವರಿಗೆ ಈ ಹೆಚ್ಚುವರಿ ದಿನ ಅನಗತ್ಯ ಖರ್ಚೆನಿಸಬಹುದು, ಆದರೆ ದ್ವೀಪವನ್ನೇ ನೋಡಲು ಹೊರಟವರು ಅದನ್ನು ಬಿಡಬಾರದು.

ಹಂತ 2: ದಾರಿ

ತುಮಕೂರಿನಿಂದ ಉಡುಪಿಗೆ ಮೂರು ಮುಖ್ಯ ದಾರಿಗಳಿವೆ. ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ತೀರ್ಥಹಳ್ಳಿಗಳ ಮೂಲಕ ಆಗುಂಬೆ ಘಾಟಿ ಇಳಿದು ಹೆಬ್ರಿಯಿಂದ ಉಡುಪಿ ಸೇರುವುದು ಒಂದು. ಇದು ಸುಮಾರು 350 ಕಿ.ಮೀ. ಆಗುತ್ತದೆ. ಆಗುಂಬೆಯ ತಿರುವುಗಳು ಬಹಳ ಇಕ್ಕಟ್ಟಾಗಿದ್ದು ದೊಡ್ಡ ಬಸ್ಸುಗಳಿಗೆ ತಕ್ಕುದಲ್ಲ, ಕಾರು ಅಥವಾ ಮಿನಿ ಬಸ್ಸಿನವರಿಗೆ ಸರಿ. ಎರಡನೆಯದು ರಾಷ್ಟ್ರೀಯ ಹೆದ್ದಾರಿ 73. ತುಮಕೂರಿನಿಂದಲೇ ಆರಂಭವಾಗಿ ಅರಸೀಕೆರೆ, ಬೇಲೂರು, ಮೂಡಿಗೆರೆ, ಚಾರ್ಮಾಡಿ ಘಾಟಿಗಳನ್ನು ಹಾದು ಮಂಗಳೂರಿನತ್ತ ಹೋಗುವ ಈ ಹೆದ್ದಾರಿಯಲ್ಲಿ ಗುರುವಾಯನಕೆರೆಯವರೆಗೆ ಹೋಗಿ, ಅಲ್ಲಿಂದ ಕಾರ್ಕಳದ ಕಡೆ ತಿರುಗಿದರೆ ಮಂಗಳೂರು ನಗರದ ವಾಹನ ದಟ್ಟಣೆ ತಪ್ಪುತ್ತದೆ. ಮೂರನೆಯದು ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ದಾರಿ. ದೊಡ್ಡ ಬಸ್ಸಿನಲ್ಲಿ ಶಾಲಾ ಪ್ರವಾಸ ಹೊರಡುವವರಿಗೆ ನಾನು ಸೂಚಿಸುವುದು ಇದನ್ನೇ. ಯಾವ ಘಾಟಿಯನ್ನೂ ನಡುರಾತ್ರಿಯಲ್ಲಿ ಇಳಿಯುವಂತೆ ಹೊರಡಬೇಡಿ. ರಾತ್ರಿಯಿಡೀ ವಾಹನ ಓಡಿಸಿ ಬೆಳಗ್ಗೆ ನೇರವಾಗಿ ದೋಣಿ ಹತ್ತುವ ಅಭ್ಯಾಸ ನಮ್ಮ ಯುವಕರಲ್ಲಿ ಹೆಚ್ಚುತ್ತಿದೆ. ನಿದ್ದೆಗೆಟ್ಟ ದೇಹಕ್ಕೆ ಅಲೆಯ ಓಲಾಟ ಬೇಗನೆ ವಾಕರಿಕೆ ತರಿಸುತ್ತದೆ, ಚಾಲಕನ ಸುಸ್ತಿನ ಅಪಾಯ ಬೇರೆ.

ರೈಲಿನಲ್ಲಿ ಹೋಗುವವರಿಗೆ ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ. ಸಂಜೆ ಹೊರಟು ಮರುದಿನ ಮುಂಜಾನೆಗೆ ಉಡುಪಿ ಮುಟ್ಟಿಸುವ ಈ ಗಾಡಿ ಕುಣಿಗಲ್ ಮಾರ್ಗವಾಗಿಯೇ ಹಾದುಹೋಗುತ್ತದೆ. ನಿಮಗೆ ಹತ್ತಿರದ ನಿಲ್ದಾಣದಲ್ಲಿ ನಿಲುಗಡೆ ಇದೆಯೇ ಎಂಬುದನ್ನು ಟಿಕೆಟ್ ಕಾಯ್ದಿರಿಸುವಾಗ ನೋಡಿಕೊಳ್ಳಿ. ಕೋಲಾರ ಮತ್ತು ಚಿಕ್ಕಬಳ್ಳಾಪುರದವರು ಬೆಂಗಳೂರಿನಲ್ಲೇ ಹತ್ತುವುದು ಸುಲಭ. ಉಡುಪಿ ರೈಲು ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ. ಅಲ್ಲಿಂದ ಪೇಟೆಗೆ ಬಂದರೆ ಮಲ್ಪೆಗೆ ಸಿಟಿ ಬಸ್ಸುಗಳು ಸಾಕಷ್ಟಿವೆ.

ಹಂತ 3: ಹಿಂದಿನ ಸಂಜೆಯ ವಿಚಾರಣೆ

ಉಡುಪಿಯನ್ನು ತಲುಪಿದ ಸಂಜೆಯೇ ಮಲ್ಪೆಗೆ ಹೋಗಿ, ಮರುದಿನ ದೋಣಿ ಇದೆಯೇ, ಮೊದಲ ದೋಣಿ ಎಷ್ಟು ಗಂಟೆಗೆ, ದರ ಎಷ್ಟು ಎಂದು ಟಿಕೆಟ್ ಕೌಂಟರಿನಲ್ಲೇ ಕೇಳಿ ಬನ್ನಿ. ದರಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಳೆಯ ಅಂಕಿಗಳನ್ನು ನಂಬಬೇಡಿ. ಹೋಗಿಬರುವ ಎರಡೂ ಪಯಣ ಸೇರಿದ ದರವೇ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಿ.

ಜೊತೆಗೆ ಎರಡು ವರದಿಗಳನ್ನು ನೋಡಬೇಕು. ಒಂದು ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಂಬ ಬಣ್ಣಗಳ ಎಚ್ಚರಿಕೆ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಜ್ಜಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ ಎಂದರ್ಥ. ಇನ್ನೊಂದು ಹೈದರಾಬಾದಿನಲ್ಲಿರುವ ಇಂಕಾಯಿಸ್ ಸಂಸ್ಥೆ ಹೊರಡಿಸುವ ಅಲೆಗಳ ಮುನ್ಸೂಚನೆ. ಇದು ಸಾಗರದ ಸ್ಥಿತಿಯನ್ನು ಗಮನಿಸಿ ಮೀನುಗಾರರಿಗೆ ಸೂಚನೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ. ಇಲ್ಲಿ ಬಿಸಿಲಿದ್ದು ಗಾಳಿ ಇಲ್ಲದಿದ್ದರೂ ದೂರದ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಸಾಗಿ ನಮ್ಮ ದಡಕ್ಕೆ ಬಂದು ಅಪ್ಪಳಿಸುವುದುಂಟು. ಆದ್ದರಿಂದ ಆಕಾಶ ನಿರ್ಮಲವಾಗಿರುವುದನ್ನು ನೋಡಿ ಕಡಲೂ ಶಾಂತವಾಗಿದೆ ಎಂದು ತೀರ್ಮಾನಿಸಬೇಡಿ. ಇವೆರಡಕ್ಕಿಂತಲೂ ಬೆಲೆಯುಳ್ಳದ್ದು ದಕ್ಕೆಯಲ್ಲಿ, ಅಂದರೆ ದೋಣಿಗಳು ನಿಲ್ಲುವ ಕಟ್ಟೆಯಲ್ಲಿ, ಸಿಗುವ ತಾಂಡೇಲರ ಮಾತು. ದೋಣಿಯ ಮುಖ್ಯ ಚಾಲಕನನ್ನು ಕರಾವಳಿಯಲ್ಲಿ ತಾಂಡೇಲ ಎನ್ನುತ್ತಾರೆ. ಅವರು “ನಾಳೆ ಬೇಡ” ಎಂದರೆ ಮರುಮಾತಿಲ್ಲದೆ ಒಪ್ಪಿಕೊಳ್ಳಿ.

ಹಂತ 4: ಚೀಲದಲ್ಲಿ ಏನಿರಬೇಕು

ಕುಡಿಯುವ ನೀರು ಮೊದಲನೆಯದು. ತಲೆಗೆ ಒಂದೂವರೆ ಲೀಟರಿನಂತೆ ಸ್ಟೀಲಿನ ಬಾಟಲಿಗಳಲ್ಲಿ ತುಂಬಿಕೊಳ್ಳಿ. ದ್ವೀಪದಲ್ಲಿ ಪ್ಲಾಸ್ಟಿಕ್ಕಿಗೆ ನಿರ್ಬಂಧವಿದ್ದು, ದಕ್ಕೆಯಲ್ಲೋ ದ್ವೀಪದಲ್ಲೋ ಚೀಲಗಳನ್ನು ತಪಾಸಣೆ ಮಾಡುವುದರಿಂದ ಪ್ಲಾಸ್ಟಿಕ್ ಚೀಲ, ಪೊಟ್ಟಣದ ತಿಂಡಿಗಳನ್ನು ಒಯ್ಯದಿರುವುದೇ ಮೇಲು. ಮದ್ಯಕ್ಕೆ ಸಂಪೂರ್ಣ ನಿಷೇಧವಿದೆ. ಊಟವನ್ನು ದ್ವೀಪದಲ್ಲೇ ಮಾಡುವ ಭರವಸೆಯಿಂದ ಹೋಗಬೇಡಿ. ಬೆಳಗಿನ ತಿಂಡಿಯನ್ನು ಹಗುರವಾಗಿ ಮುಗಿಸಿ, ಡಬ್ಬಿಯಲ್ಲಿ ಚಪಾತಿಯನ್ನೋ ಅವಲಕ್ಕಿಯನ್ನೋ ಒಯ್ದರೆ ಸಾಕು.

ಟೋಪಿ ಅಥವಾ ಟವೆಲ್, ಹಿಂಬದಿಗೆ ಪಟ್ಟಿಯಿರುವ ಹಿಡಿತದ ಚಪ್ಪಲಿ, ಒಂದು ಜೊತೆ ಒಣಬಟ್ಟೆ, ಮೊಬೈಲಿಗೆ ನೀರು ಹೋಗದ ಚೀಲ, ನಿತ್ಯದ ಔಷಧಗಳು, ಗಾಯಕ್ಕೆ ಹಚ್ಚುವ ಮುಲಾಮು ಮತ್ತು ಬ್ಯಾಂಡೇಜು ಇರಲಿ. ರಬ್ಬರಿನ ಹವಾಯಿ ಚಪ್ಪಲಿ ಬೇಡವೇ ಬೇಡ. ಒದ್ದೆ ಕಲ್ಲಿನ ಮೇಲೆ ಅದು ಜಾರುತ್ತದೆ, ಅಲೆಗೆ ಸಿಕ್ಕಿದರೆ ಕಾಲಿನಿಂದ ಕಳಚಿ ಹೋಗುತ್ತದೆ, ಅದನ್ನು ಹಿಡಿಯಲು ಬಾಗಿದವರೇ ಬೀಳುತ್ತಾರೆ. ಪ್ರಯಾಣದಲ್ಲಿ ವಾಂತಿಯಾಗುವವರು ವೈದ್ಯರನ್ನು ಕೇಳಿ ಮಾತ್ರೆ ಪಡೆದು, ದೋಣಿ ಹತ್ತುವ ಅರ್ಧ ಗಂಟೆ ಮೊದಲೇ ನುಂಗಬೇಕು. ವಾಕರಿಕೆ ಆರಂಭವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಹಂತ 5: ದೋಣಿ ಹತ್ತುವುದು

ಮಲ್ಪೆಯಲ್ಲಿ ಎರಡು ಕಡೆಯಿಂದ ದೋಣಿಗಳು ಹೊರಡುತ್ತವೆ. ಬಂದರಿನ ದಕ್ಕೆಯಿಂದ ದೊಡ್ಡ ದೋಣಿಗಳು, ಬೀಚಿನಿಂದ ಚಿಕ್ಕ ವೇಗದ ಬೋಟುಗಳು. ಚಿಕ್ಕದರಲ್ಲಿ ಬೇಗ ತಲುಪಬಹುದು, ಆದರೆ ಅಲೆಯ ಪೆಟ್ಟು ಬೆನ್ನಿಗೆ ನೇರವಾಗಿ ತಾಗುತ್ತದೆ, ಹತ್ತುವಾಗ ಮೊಣಕಾಲಿನವರೆಗೆ ನೀರಿಗಿಳಿಯಬೇಕಾಗಬಹುದು. ದೊಡ್ಡದರಲ್ಲಿ ಅರ್ಧ ಗಂಟೆಯಷ್ಟು ಹೊತ್ತು ಹಿಡಿದರೂ ಓಲಾಟ ಕಡಿಮೆ. ವಯಸ್ಸಾದವರೂ ಮಕ್ಕಳೂ ಇರುವ ಕುಟುಂಬಗಳಿಗೆ ದಕ್ಕೆಯ ದೋಣಿಯನ್ನೇ ಶಿಫಾರಸು ಮಾಡುತ್ತೇನೆ. ಸೊಂಟನೋವು ಇರುವವರು, ಗರ್ಭಿಣಿಯರು ಚಿಕ್ಕ ಬೋಟನ್ನು ಹತ್ತಲೇಬಾರದು.

ಬೆಳಗ್ಗೆ ಕೌಂಟರ್ ತೆರೆಯುವ ಹೊತ್ತಿಗೇ ಅಲ್ಲಿರಿ. ಹಗಲು ಏರಿದಂತೆ ಕಡಲಿನ ಕಡೆಯಿಂದ ಗಾಳಿ ಬಲವಾಗುತ್ತದೆ, ಮಧ್ಯಾಹ್ನದ ನಂತರ ಅಲೆಗಳು ಎತ್ತರವಾಗುತ್ತವೆ. ಬೆಳಗಿನ ದೋಣಿಯಲ್ಲಿ ಹೋದವರಿಗೆ ತಣ್ಣನೆಯ ಹೊತ್ತೂ ಸಿಗುತ್ತದೆ, ಮರಳಲು ಹಲವು ದೋಣಿಗಳ ಆಯ್ಕೆಯೂ ಇರುತ್ತದೆ. ಸಾಕಷ್ಟು ಜನ ಸೇರುವವರೆಗೆ ದೊಡ್ಡ ದೋಣಿ ಹೊರಡುವುದಿಲ್ಲವಾದ್ದರಿಂದ ವಾರದ ನಡುವೆ ಸ್ವಲ್ಪ ಕಾಯಬೇಕಾದೀತು. ಟಿಕೆಟಿನ ತುಂಡನ್ನು ಮರಳುವವರೆಗೂ ಜೋಪಾನವಾಗಿಟ್ಟುಕೊಳ್ಳಿ.

ಲೈಫ್ ಜಾಕೆಟ್, ಅಂದರೆ ನೀರಿನಲ್ಲಿ ತೇಲಿಸುವ ಅಂಗಿ, ಪ್ರತಿಯೊಬ್ಬರ ಮೈಮೇಲೆ ಇರಬೇಕು. ಸೆಖೆಯೆಂದು ತೊಡೆಯ ಮೇಲೆ ಇಟ್ಟುಕೊಂಡ ಜಾಕೆಟ್ ದೋಣಿ ಮಗುಚಿದಾಗ ಕೈಗೆ ಸಿಗುವುದಿಲ್ಲ. ಎಲ್ಲ ಪಟ್ಟಿಗಳನ್ನೂ ಬಿಗಿದು, ಭುಜದ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಗಲ್ಲವನ್ನು ದಾಟಿ ಮೇಲೆ ಬಂದರೆ ಅದು ಸಡಿಲವಾಗಿದೆ ಎಂದರ್ಥ. ದೊಡ್ಡವರ ಜಾಕೆಟನ್ನು ಮಕ್ಕಳಿಗೆ ತೊಡಿಸಿದರೆ ನೀರಿನಲ್ಲಿ ಜಾಕೆಟ್ ತೇಲಿ ಮಗು ಕೆಳಗೆ ಜಾರುತ್ತದೆ, ಆದ್ದರಿಂದ ಮಕ್ಕಳ ಅಳತೆಯದನ್ನೇ ಕೇಳಿ ಪಡೆಯಿರಿ. ಇಲ್ಲ ಎಂದರೆ ಆ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯಿರಿ. ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ.

ದೋಣಿಯಲ್ಲಿ ನಡುಭಾಗದಲ್ಲಿ ಅಥವಾ ಹಿಂಭಾಗದಲ್ಲಿ ಕುಳಿತರೆ ಓಲಾಟ ಕಡಿಮೆ. ಮೊಬೈಲನ್ನು ನೋಡುತ್ತಾ ಕೂರಬೇಡಿ, ಕಡಲೂ ಆಕಾಶವೂ ಸೇರುವ ಗೆರೆಯ ಮೇಲೆ ದೃಷ್ಟಿ ಇಟ್ಟರೆ ವಾಕರಿಕೆ ತಗ್ಗುತ್ತದೆ. ಡಾಲ್ಫಿನ್ ಕಂಡಿತೆಂದು ಯಾರಾದರೂ ಕೂಗಿದಾಗ ಎಲ್ಲರೂ ಒಂದೇ ಬದಿಗೆ ನುಗ್ಗುವುದು ತೀರಾ ಅಪಾಯಕಾರಿ. ದ್ವೀಪದ ಬಳಿ ನೀರಿನ ಆಳ ಕಡಿಮೆಯಿರುವುದರಿಂದ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ದಾಟಿ ಇಳಿಯಬೇಕಾಗಬಹುದು. ಎರಡು ದೋಣಿಗಳ ನಡುವಿನ ಸಂದಿಯಲ್ಲಿ ಕೈಬೆರಳು, ಕಾಲು ಸಿಲುಕದಂತೆ ನೋಡಿಕೊಳ್ಳಿ. ಚೀಲವನ್ನು ಸಿಬ್ಬಂದಿಗೆ ಕೊಟ್ಟು, ಎರಡೂ ಕೈ ಖಾಲಿ ಇಟ್ಟುಕೊಂಡು, ಅವರು ಹೇಳಿದ ಕ್ಷಣದಲ್ಲಿ ಹೆಜ್ಜೆ ಇಡಿ. ಮಂಡಿನೋವಿನ ಹಿರಿಯರಿಗೆ ಇಡೀ ಪ್ರವಾಸದಲ್ಲಿ ಕಷ್ಟವಾಗುವುದು ಇಲ್ಲಿಯೇ. ಮನೆಯ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿ ಇಳಿಯಬಲ್ಲವರಿಗೆ ಇದು ಸಾಧ್ಯ, ಆಗದವರು ಮಲ್ಪೆಯ ದಡದಲ್ಲೇ ನೆರಳಿನಲ್ಲಿ ಉಳಿಯುವುದು ಒಳ್ಳೆಯದು.

ಹಂತ 6: ಕಲ್ಲುಗಳನ್ನು ನೋಡುವುದು

ಬಹುಪಾಲು ಪ್ರವಾಸಿಗರು ತೆಂಗಿನ ಮರದ ಕೆಳಗೆ ಫೋಟೊ ತೆಗೆಸಿಕೊಂಡು ಹಿಂದಿರುಗುತ್ತಾರೆ. ಅಷ್ಟಕ್ಕೇ ಆದರೆ ಇಷ್ಟು ದೂರ ಬರಬೇಕಾಗಿರಲಿಲ್ಲ. ಈ ದ್ವೀಪದ ಸಂಪತ್ತು ಅದರ ಅಂಚಿನಲ್ಲಿ ಒತ್ತೊತ್ತಾಗಿ ನಿಂತಿರುವ ಕಲ್ಲಿನ ಕಂಬಗಳು. ಐದು, ಆರು, ಏಳು ಮುಖಗಳುಳ್ಳ ಇವನ್ನು ಶಿಲ್ಪಿಗಳು ಕಡೆದಂತೆ ಕಂಡರೂ ಮನುಷ್ಯರ ಕೈ ಸೋಕಿಲ್ಲ. ಲಾವಾರಸ, ಅಂದರೆ ಭೂಮಿಯೊಳಗಿನಿಂದ ಉಕ್ಕಿ ಬಂದ ಕರಗಿದ ಕಲ್ಲು, ಹರಡಿ ತಣಿಯುವಾಗ ಕುಗ್ಗಿ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ನೀರು ಬತ್ತಿದ ನಮ್ಮ ಕೆರೆಯಂಗಳದ ಜೇಡಿ ಒಡೆದು ಹಲವು ಮೂಲೆಗಳ ಹೆಂಟೆಗಳಾಗುವುದನ್ನು ನೀವು ನೋಡಿರುತ್ತೀರಿ. ಅಲ್ಲಿ ತೇವ ಆರಿ ಮಣ್ಣು ಕುಗ್ಗುತ್ತದೆ, ಇಲ್ಲಿ ಬಿಸಿ ಆರಿ ಕಲ್ಲು ಕುಗ್ಗಿತು. ಮೇಲ್ಮೈಯಲ್ಲಿ ಮೂಡಿದ ಬಿರುಕುಗಳು ತಣಿಯುವಿಕೆಯ ಜೊತೆಗೇ ಒಳಕ್ಕಿಳಿದು ಇಡೀ ಪದರವನ್ನು ಕಂಬಗಳಾಗಿ ಸೀಳಿದವು.

ಈ ಕಲ್ಲಿನ ವಯಸ್ಸು ಸುಮಾರು 8.8 ಕೋಟಿ ವರ್ಷ. ಆಗ ಭಾರತದ ನೆಲಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರ್ಪಡುತ್ತಿತ್ತು, ಆ ಬೇರ್ಪಡುವಿಕೆಯ ಕಾಲದಲ್ಲಿ ಉಕ್ಕಿದ ಲಾವಾ ಇದು ಎಂಬುದು ಭೂವಿಜ್ಞಾನಿಗಳ ವಿವರಣೆ. ನಮ್ಮ ಮಧುಗಿರಿಯ ಏಕಶಿಲಾ ಬೆಟ್ಟ ಸೇರಿರುವ ಗ್ರಾನೈಟ್ ಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ಅದರ ಮುಂದೆ ಈ ದ್ವೀಪ ಎಳೆಯದು ಎಂದು ಮಕ್ಕಳಿಗೆ ಹೇಳಿ, ಅವರ ಕಣ್ಣು ಅರಳುವುದನ್ನು ನೋಡಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ರಾಜ್ಯದ ಇಂತಹ ಇತರ ಸ್ಮಾರಕಗಳೆಂದರೆ ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಮತ್ತು ಕೋಲಾರ ಜಿಲ್ಲೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು. ಕೋಲಾರದ ಓದುಗರು ತಮ್ಮ ಜಿಲ್ಲೆಯ ಸ್ಮಾರಕವನ್ನು ನೋಡಿಕೊಂಡು ಇಲ್ಲಿಗೆ ಬಂದರೆ ಹೋಲಿಸಿ ನೋಡುವ ಸಂತೋಷವಿದೆ. 2025ರಲ್ಲಿ ಈ ದ್ವೀಪಸಮೂಹ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಮುಂದೆ ಪೂರ್ಣ ಮಾನ್ಯತೆಗೆ ಪರಿಗಣಿಸಬಹುದೆಂದು ದೇಶವು ಸಲ್ಲಿಸುವ ಪಟ್ಟಿ ಅದು.

ಹೀಗಿರುವಾಗ ಕಲ್ಲಿನ ಮೇಲೆ ಹೆಸರು ಕೆತ್ತುವುದು, ಚೂರು ಒಡೆದು ತರುವುದು ಅಕ್ಷಮ್ಯ. ದಡದಲ್ಲಿ ಮರಳಿಗಿಂತ ಹೆಚ್ಚಾಗಿ ಹರಡಿರುವ ಚಿಪ್ಪುಗಳನ್ನು ಚೀಲಗಟ್ಟಲೆ ತುಂಬಿ ತರುವುದನ್ನೂ ಬಿಡಿ. ಅವು ಅಲೆಯ ಹೊಡೆತಕ್ಕೆ ಪುಡಿಯಾಗಿ ಆ ದಂಡೆಯನ್ನೇ ಕಟ್ಟುತ್ತವೆ.

ಕಂಬಗಳ ತುದಿಗಳು ಮೆಟ್ಟಿಲುಗಳಂತೆ ಕಾಣುವುದರಿಂದ ಹತ್ತುವ ಆಸೆಯಾಗುತ್ತದೆ. ಒಣಗಿದ ಭಾಗದಲ್ಲಿ ಮಾತ್ರ, ನಿಧಾನವಾಗಿ ಹೆಜ್ಜೆ ಇಡಿ. ಕಲ್ಲು ಹಸಿರಾಗಿ ಅಥವಾ ಕಡುಕಪ್ಪಾಗಿ ಹೊಳೆಯುತ್ತಿದ್ದರೆ ಅಲ್ಲಿ ಪಾಚಿ ಇದೆ ಎಂದು ತಿಳಿಯಿರಿ. ಅಂಟಿಕೊಂಡ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಹರಿತ, ಜಾರಿದಾಗ ಅಂಗೈ ಸೀಳುತ್ತದೆ.

ಹಂತ 7: ನೀರಿನ ಅಂಚಿನಲ್ಲಿ

ಈ ಭಾಗವನ್ನು ಬರೆಯುವಾಗ ನನ್ನ ಮನಸ್ಸು ಭಾರವಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಇದೇ ದ್ವೀಪದಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಅಲೆಗಳ ಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಪ್ರಾಣಬಿಟ್ಟ ನಾಲ್ವರು ಬಾಲಕಿಯರು ನಮ್ಮದೇ ಕಡೆಯವರು, ಮುಳಬಾಗಿಲು ತಾಲ್ಲೂಕಿನ ಶಾಲೆಯಿಂದ ಪ್ರವಾಸಕ್ಕೆ ಹೋದವರು. ಬಯಲುಸೀಮೆಯ ಮಕ್ಕಳಿಗೆ ನೀರೆಂದರೆ ಕೆರೆ, ಬಾವಿ, ಕಟ್ಟೆ. ಅಲ್ಲಿ ನೀರು ಒಂದೆಡೆ ನಿಂತಿರುತ್ತದೆ, ಆಳ ಎಲ್ಲಿಂದ ಆರಂಭವಾಗುತ್ತದೆ ಎಂಬುದು ಊರಿನವರಿಗೆ ಗೊತ್ತಿರುತ್ತದೆ. ಕೆರೆಯಲ್ಲಿ ಈ ದಡದಿಂದ ಆ ದಡಕ್ಕೆ ಈಜಿದವರೂ ಕಡಲಿನಲ್ಲಿ ಹೊಸಬರೇ.

ದ್ವೀಪದ ದಡದಲ್ಲಿ ಎರಡು ಬಗೆಯ ಅಪಾಯಗಳಿವೆ. ಮೊದಲನೆಯದು ಕಲ್ಲಿನ ಅಂಚಿನಲ್ಲಿ ನಿಂತವರನ್ನು ಎಳೆದುಕೊಳ್ಳುವ ಅಲೆ. ಹತ್ತು ಹದಿನೈದು ಸಣ್ಣ ಅಲೆಗಳ ನಂತರ ಇದ್ದಕ್ಕಿದ್ದಂತೆ ಒಂದು ದೊಡ್ಡದು ಬಂದು ಕಲ್ಲನ್ನು ತೊಳೆದುಹೋಗುತ್ತದೆ. ಫೋಟೊಗಾಗಿ ಕಡಲಿಗೆ ಬೆನ್ನು ಮಾಡಿ ನಿಂತವರಿಗೆ ಅದು ಕಾಣುವುದೇ ಇಲ್ಲ. ಕಲ್ಲಿನ ಮೇಲೆ ನೀರಿನ ಗುರುತು ಎಲ್ಲಿಯವರೆಗೆ ಇದೆಯೋ ಅಲ್ಲಿಂದ ಹತ್ತಾರು ಹೆಜ್ಜೆ ಹಿಂದೆ ನಿಲ್ಲಿ, ಕಡಲಿಗೆ ಬೆನ್ನು ತೋರಿಸಬೇಡಿ. ಎರಡನೆಯದು ಒಳಸೆಳೆತ. ದಡಕ್ಕೆ ಬಂದ ನೀರು ಕಿರಿದಾದ ಹಾದಿಯಲ್ಲಿ ರಭಸದಿಂದ ಕಡಲಿಗೆ ಮರಳುವಾಗ ಮನುಷ್ಯರನ್ನೂ ಹೊತ್ತೊಯ್ಯುತ್ತದೆ. ಸುತ್ತ ಅಲೆ ಒಡೆಯುತ್ತಿರುವಾಗ ನಡುವೆ ಶಾಂತವಾಗಿ ಕಾಣುವ ಪಟ್ಟಿಯೇ ಅನೇಕ ವೇಳೆ ಈ ಸೆಳೆತದ ಹಾದಿಯಾಗಿರುತ್ತದೆ. ಇದಕ್ಕೆ ಸಿಕ್ಕಿದವರು ದಡದ ಕಡೆಗೆ ಎದುರೀಜಿ ದಣಿಯಬಾರದು. ತೇಲುತ್ತಾ ಕೈ ಎತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದ ಮೇಲಷ್ಟೇ ದಡದತ್ತ ತಿರುಗಬೇಕು. ಮುಳುಗುತ್ತಿರುವವರನ್ನು ಉಳಿಸಲು ಬರಿಗೈಯಲ್ಲಿ ನೆಗೆಯಬೇಡಿ. ಲೈಫ್ ಜಾಕೆಟ್, ಹಗ್ಗ, ಖಾಲಿ ಕ್ಯಾನು, ತೇಲುವ ಏನನ್ನಾದರೂ ಎಸೆದು ಜೀವರಕ್ಷಕರನ್ನು ಕೂಗಿ.

ಈಜಲು ಇಳಿಯಬೇಡಿ ಎಂಬುದೇ ನನ್ನ ಸ್ಪಷ್ಟ ಸಲಹೆ. ಕಾಲು ನೆನೆಸುವ ಆಸೆಯಿದ್ದರೆ ಜೀವರಕ್ಷಕರು ತೋರಿಸಿದ ಜಾಗದಲ್ಲಿ, ಮೊಣಕಾಲಿಗಿಂತ ಕಡಿಮೆ ನೀರಿನಲ್ಲಿ, ಪ್ರತಿ ಮಗುವಿನ ಕೈಯನ್ನೂ ಒಬ್ಬ ದೊಡ್ಡವರು ಹಿಡಿದಿರುವಾಗ ಮಾತ್ರ. ಶಾಲಾ ಪ್ರವಾಸ ಕರೆದೊಯ್ಯುವ ಶಿಕ್ಷಕರಲ್ಲಿ ಒಂದು ವಿನಂತಿ: ಮಕ್ಕಳನ್ನು ಹತ್ತು ಹತ್ತರ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೆ ಒಬ್ಬರ ಹೊಣೆ ನಿಗದಿಪಡಿಸಿ, ದೋಣಿ ಹತ್ತುವಾಗ, ಇಳಿದ ಮೇಲೆ, ಮರಳುವಾಗ ಎಣಿಸಿ. ಅಷ್ಟು ಮಂದಿ ಶಿಕ್ಷಕರು ಇಲ್ಲದಿದ್ದರೆ ದ್ವೀಪವನ್ನು ಪಟ್ಟಿಯಿಂದ ತೆಗೆದುಬಿಡಿ.

ತುರ್ತು ಸಂದರ್ಭದಲ್ಲಿ 112, ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡಿನ 1554 ಸಂಖ್ಯೆಗಳನ್ನು ಮೊದಲೇ ಮೊಬೈಲಿನಲ್ಲಿ ಉಳಿಸಿಕೊಂಡಿರಿ.

ಹಂತ 8: ಮರಳುವುದು, ಅಥವಾ ದೋಣಿ ಸಿಗದ ದಿನ

ಇಳಿದ ಕೂಡಲೇ ಮರಳುವ ದೋಣಿಯ ವೇಳೆಯನ್ನು ಕೇಳಿ ಇಟ್ಟುಕೊಳ್ಳಿ. ಕೊನೆಯ ದೋಣಿಗೆಂದು ಕಾಯದೆ ಅದಕ್ಕಿಂತ ಎರಡು ದೋಣಿ ಮೊದಲೇ ಹೊರಡಿ. ಸಂಜೆ ನೂಕುನುಗ್ಗಲು ಹೆಚ್ಚು, ಗಾಳಿಯೂ ಹೆಚ್ಚು. ಒಂದೂವರೆ ಎರಡು ಗಂಟೆ ದ್ವೀಪಕ್ಕೆ ಧಾರಾಳವಾಗಿ ಸಾಕು. ಹೊರಡುವ ಮೊದಲು ನೀವು ತಂದ ಕಸವೆಲ್ಲವೂ ನಿಮ್ಮ ಚೀಲದಲ್ಲಿದೆಯೇ ಎಂದು ನೋಡಿಕೊಳ್ಳಿ.

ದೋಣಿ ಹೊರಡದ ದಿನ ಸಿಬ್ಬಂದಿಯೊಡನೆ ವಾದಕ್ಕಿಳಿಯುವುದು, ಹೆಚ್ಚು ಹಣ ಕೊಟ್ಟು ಮೀನುಗಾರರ ದೋಣಿಯನ್ನು ಒಪ್ಪಿಸಲು ನೋಡುವುದು ಎರಡೂ ಕೂಡದು. ಮಲ್ಪೆಯ ಸೀ ವಾಕ್, ವಡಭಾಂಡೇಶ್ವರದ ಬಲರಾಮ ದೇವಸ್ಥಾನ, ಉಡುಪಿಯ ಶ್ರೀಕೃಷ್ಣ ಮಠಗಳನ್ನು ಆ ದಿನ ಸಾವಕಾಶವಾಗಿ ನೋಡಿ. ದಕ್ಷಿಣಕ್ಕೆ ಹೋದರೆ ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಸಂಜೆ ಮತ್ತೊಮ್ಮೆ ದಕ್ಕೆಗೆ ಹೋಗಿ ನಾಳೆಯ ಸ್ಥಿತಿಯನ್ನು ವಿಚಾರಿಸಿ.

ದ್ವೀಪ ನೋಡಿದ ದಿನವೇ ಊರಿಗೆ ಹೊರಡುವವರು ಮಧ್ಯಾಹ್ನದ ಊಟ ಮುಗಿಸಿ ಎರಡು ಗಂಟೆಯೊಳಗೆ ಉಡುಪಿ ಬಿಟ್ಟರೆ ಕತ್ತಲಾಗುವ ಮೊದಲು ಘಾಟಿ ಹತ್ತಬಹುದು. ಅದು ಸಾಧ್ಯವಾಗದಿದ್ದರೆ ಆ ರಾತ್ರಿ ಉಡುಪಿಯಲ್ಲೇ ತಂಗಿ ಮುಂಜಾನೆ ಹೊರಡಿ. ಉಪ್ಪುನೀರಿನಲ್ಲಿ ನೆನೆದ ಬಟ್ಟೆ, ಚಪ್ಪಲಿ, ಕನ್ನಡಕಗಳನ್ನು ಅದೇ ದಿನ ಸಿಹಿನೀರಿನಲ್ಲಿ ತೊಳೆಯಿರಿ. ಬೀಚಿನ ಬಳಿ ನಿಲ್ಲಿಸಿದ್ದ ವಾಹನವನ್ನು ಊರಿಗೆ ಬಂದ ಮೇಲೆ ಕೆಳಭಾಗವೂ ಸೇರಿದಂತೆ ತೊಳೆಸಿ, ಇಲ್ಲವಾದರೆ ತುಕ್ಕು ಹಿಡಿಯುತ್ತದೆ.